ಡೌಟ್ ಗುಂಪಿಯ ಪುಂಡಲೀಕ ಕಾಕಾ

ಪುಂಡಲೀಕ ಕಾಕಾ ಕಬ್ಬಿಣವನ್ನು ಕಣ್ಣು ಮುಚ್ಚಿಕೊಂಡು ನೋಡುತ್ತಿದ್ದರು. ಎರಕದ ತುಂಡನ್ನು ಸರಪಳಿಯ ಕೊಕ್ಕೆಗೆ ತೂಗುಹಾಕಿ, ಸಣ್ಣ ಸುತ್ತಿಗೆಯಿಂದ ಒಂದೇ ಒಂದು ಪೆಟ್ಟು ಕೊಟ್ಟು, ಎಡಗಿವಿಯನ್ನು ಅತ್ತ ವಾಲಿಸಿ ನಿಂತುಬಿಡುವರು. ಸದ್ದು ಪೂರ್ತಿ ಆರುವವರೆಗೆ ಸುತ್ತಲಿದ್ದವರು ಯಾರೂ ಬಾಯಿ ಬಿಡುವಂತಿಲ್ಲ. ಒಮ್ಮೆ ನಾನು ಸೀನಿಬಿಟ್ಟೆ. ಕಣ್ಣು ತೆರೆದು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ನಿನ್ನ ಸೀನೂ ಇದರಾಗ ಕೂಡಿಬಿಡ್ತು. ಇನ್ನೊಮ್ಮೆ ಬಾರಸೂದಾತು" ಎಂದರು. ಅವತ್ತಿಡೀ ದಿನ ನಾನು ಮೂಗಿಗೆ ಸೆರಗಿನಂತೆ ಓಢಣಿ ಹಿಡಿದುಕೊಂಡೇ ಓಡಾಡಿದೆ.

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ರಸ್ತೆಯ ಬದಿಗಿದ್ದ ಸಣ್ಣ ಫೌಂಡ್ರಿ ನಮ್ಮದು. ಕಬ್ಬು ಹೇರುವ ಟ್ರ್ಯಾಕ್ಟರ್ ಟ್ರ್ಯಾಲಿಗಳಿಗೆ ಹಬ್ ಎರಕ ಹೊಯ್ಯುವುದು ಅಲ್ಲಿಯ ಮುಖ್ಯ ಕೆಲಸ. ಹಬ್ ಎಂದರೆ ಗಾಲಿಯ ನಟ್ಟನಡುವಿನ ಗಟ್ಟಿ ಭಾಗ. ಗಾಲಿ ಅಚ್ಚಿಗೆ ಅಂಟಿಕೊಂಡಿರುವುದು ಅದರ ಮೇಲೆ. ಅದು ಒಡೆಯಿತೆಂದರೆ ಗಾಲಿ ಕಳಚಿಕೊಂಡಿತು, ಗಾಲಿ ಕಳಚಿತೆಂದರೆ ಹದಿನೈದು ಟನ್ ಕಬ್ಬು ಬಾಜುದವರ ತಲೆಯ ಮೇಲೆ. ನಾನು ಡಿಪ್ಲೊಮಾ ಮುಗಿಸಿ, ಹಿಂದವಾಡಿಯ ನಮ್ಮ ಮನೆಯಿಂದ ಹೊಸ ಸ್ಕೂಟಿಯಲ್ಲಿ ಭರ್‍ರನೆ ಬಂದು ಅಲ್ಲಿಯ ತಪಾಸಣೆ ವಿಭಾಗಕ್ಕೆ ಸೇರಿದಾಗ ಗೊತ್ತಾದದ್ದೇನೆಂದರೆ, ವಿಭಾಗವೆಂದರೆ ಒಂದು ತಗಡಿನ ಶೆಡ್ಡು, ಒಂದು ಸರಪಳಿ ಮತ್ತು ಪುಂಡಲೀಕ ಕಾಕಾ, ಇಷ್ಟೇ. ಒಳಗಿನ ಬಿರುಕು ಹಿಡಿಯುವ ಯಂತ್ರ ತರಿಸುತ್ತೇವೆ ಎಂದು ನಮ್ಮ ಮಾಲಕರು ವರ್ಷಗಟ್ಟಲೆ ಹೇಳುತ್ತಲೇ ಇದ್ದರು. ಯಂತ್ರ ಬರುವವರೆಗೆ ಕಾಕಾನ ಕಿವಿಯೇ ಯಂತ್ರ.

ಕಾಕಾ ಖಾನಾಪುರದವರು. ಮನೆಯ ಮಾತು ಮರಾಠಿ, ಏಳನೆಯ ಇಯತ್ತೆಯವರೆಗೆ ಕಲಿತದ್ದೂ ಮರಾಠಿ ಸಾಲಿಯಲ್ಲಿ. ಕನ್ನಡ ಕಲಿತದ್ದು ಫೌಂಡ್ರಿಯ ಉಸುಕಿನಲ್ಲಿ. ದಿನಾ ಬೆಳಿಗ್ಗೆ ಗಾಡಿ ಹಿಡಿದು ಬರುವರು. ಬಿಳಿ ಗಾಂಧಿ ಟೊಪ್ಪಿಗೆ, ಖಾಕಿ ಶರ್ಟು, ಡಬ್ಬಿಯಲ್ಲಿ ನಾಚಣಿ ಭಾಕರಿ, ಅಂದರೆ ರಾಗಿ ರೊಟ್ಟಿ. ನನ್ನ ಹೆಸರನ್ನು ಅವರು ಒಂದು ದಿನವೂ ಕರೆಯಲಿಲ್ಲ. 'ಪೋರಿ' ಅನ್ನುವರು, ಮರಾಠಿಯಲ್ಲಿ ಹುಡುಗಿ ಅಂತ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಇಂಜಿನಿಯರ್ ಮೇಡಮ್ ಅನ್ನಿಸಿಕೊಳ್ಳಬೇಕೆಂದು ಬಂದವಳು ನಾನು!

ಹಬ್ ಬಾರಿಸಿದಾಗ 'ಟಣ್ಣ್' ಎಂದು ನೀಳವಾಗಿ ಎಳೆದರೆ ಅದು ಜೀವಂತ. ಕಾಕಾ ಸುಣ್ಣದಕಡ್ಡಿಯಿಂದ ಒಂದು ರೈಟ್ ಗುರುತು ಹಾಕಿ ಓಕೆ ಗುಂಪಿಗೆ ತಳ್ಳುವರು. 'ಠಕ್' ಎಂದು ಅಲ್ಲೇ ನಿಂತರೆ ಅದು ಸತ್ತದ್ದು. ಕಾಟು ಹೊಡೆದು ರಿಜೆಕ್ಟ್ ಗುಂಪಿಗೆ. ಇಷ್ಟು ನನಗೂ ಪುಸ್ತಕದಲ್ಲಿತ್ತು. ಆದರೆ ಶೆಡ್ಡಿನ ಮೂಲೆಯಲ್ಲಿ ಮೂರನೆಯ ಗುಂಪಿ ಒಂದಿತ್ತು. ಅದರಲ್ಲಿ ಪ್ರತಿಯೊಂದರ ಮೇಲೂ ಹಳದಿ ಸುಣ್ಣದಕಡ್ಡಿಯಲ್ಲಿ ಮೋಡಿಯಂಥ ಅಕ್ಷರದಲ್ಲಿ ಬರೆದಿತ್ತು: ಡೌಟ್.

"ಕಾಕಾ, ಇದೇನ್ರಿ? ತಪಾಸಣಿಯೊಳಗ ಎರಡs ಇರ್ತಾವ. ಪಾಸು, ಇಲ್ಲಾ ಫೇಲು" ಎಂದೆ ನಾನು.

"ಹಂಗಂತ ಯಾರ ಹೇಳ್ಯಾರ?"

"ನಮ್ಮ ಪುಸ್ತಕದಾಗ ಐತಿ."

"ಆ ಪುಸ್ತಕಾ ಬರದಾವ ಹಬ್ ಬಾರಿಸ್ಯಾನೇನು?"

ಕಾಕಾ ನಿಧಾನಕ್ಕೆ ಒಂದು ಹಳದಿ ಗುರುತಿನ ಹಬ್ಬನ್ನು ಕೊಕ್ಕೆಗೆ ಹಾಕಿ ಬಾರಿಸಿದರು. ಟಣ್ಣ್ ಅಂದಿತು, ಆದರೆ ಕೊನೆಯಲ್ಲಿ ಏನೋ ಸ್ವಲ್ಪ ತಡವರಿಸಿತು. "ಕೇಳಿದೀ? ಇದು ಹೂಂ ಅನ್ನವಲ್ದು, ಊಹೂಂನೂ ಅನ್ನವಲ್ದು. ನಾ ಯಾಕ ಅದರ ಬಾಯಾಗ ಮಾತ ತುರಕಲಿ?" ಎಂದರು.

ಡೌಟ್ ಗುಂಪಿಗೆ ಒಂದು ಪದ್ಧತಿ ಇತ್ತು. ಅದರ ತೀರ್ಮಾನ ಅದೇ ದಿನ ಆಗುವಂತಿಲ್ಲ. ಮರುದಿನ ಬೆಳಿಗ್ಗೆ ಭಟ್ಟಿ ಹೊತ್ತಿಸುವ ಮೊದಲು, ಗದ್ದಲವಿಲ್ಲದಾಗ, ಇಬ್ಬರು ಕೇಳಬೇಕು. ಕೇಳಿ ಒಬ್ಬರಿಗೊಬ್ಬರು ಹೇಳಕೂಡದು. ತಂತಮ್ಮ ಅಂಗೈಯಲ್ಲಿ ರೈಟೋ ಕಾಟೋ ಗೀಚಿಕೊಂಡು ಒಮ್ಮೆಲೇ ಕೈ ತೆರೆದು ತೋರಿಸಬೇಕು. ಎರಡೂ ಕೂಡಿದರೆ ಸರಿ. ಕೂಡದಿದ್ದರೆ ಹಬ್ಬನ್ನು ಗರಗಸಕ್ಕೆ ಕೊಟ್ಟು ಎರಡು ಹೋಳು ಮಾಡಿ ಒಳಗೆ ನೋಡುವುದು. ಹೋಳು ಮಾಡಿದ ಮೇಲೆ ಚಲೋ ಹಬ್ ಕೂಡ ಭಟ್ಟಿಗೇ ಹೋಗಬೇಕು, ಆ ಮಾತು ಬೇರೆ. ಮಾಲಕರಿಗೆ ಈ ಪದ್ಧತಿ ಕಂಡರೆ ಮೈಯೆಲ್ಲ ಉರಿ. ನಾನು ಬಂದ ಮೇಲೆ ಎರಡನೆಯ ಕಿವಿ ನನ್ನದಾಯಿತು. ಮೊದಲ ಆರು ತಿಂಗಳು ನನ್ನ ಅಂಗೈ, ಅವರ ಅಂಗೈ ಕೂಡಿದ್ದೇ ಇಲ್ಲ. ಹೋಳಾದ ಹಬ್ ಒಳಗೆ ನೋಡಿದರೆ ಪ್ರತಿ ಸಲವೂ ಅವರದೇ ಖರೆ. ಒಂದು ಪೂರಾ ಸತ್ತ ಹಬ್ಬನ್ನು ನನ್ನ ಕೈಗೆ ಕೊಟ್ಟು, "ಇದನ್ನ ದಿನಾ ಮುಂಜಾನೆ ಬಾರಸು. ಸತ್ತದ್ದು ಹೆಂಗಿರ್ತೈತಿ ಅಂತ ಕಿವಿಗೆ ಪಾಠ ಆಗಬೇಕು" ಎಂದರು. ನಾನು ಬೈದುಕೊಳ್ಳುತ್ತಲೇ ಬಾರಿಸಿದೆ.

ಈ 'ಡೌಟ್' ಎನ್ನುವ ಶಬ್ದ ಅವರಿಗೆ ಯಾರೋ ಹಳೆಯ ಸೂಪರ್‌ವೈಸರ್ ಕೊಟ್ಟು ಹೋದದ್ದಂತೆ. ಅವರಿಗೆ ಬರುತ್ತಿದ್ದ ಇಂಗ್ಲಿಷ್ ಎಂದರೆ ಮೂರೇ ಮಾತು: ಓಕೆ, ರಿಜೆಕ್ಟ್, ಡೌಟ್. ಮೊದಲ ಎರಡರ ಬಗ್ಗೆ ಅವರಿಗೆ ಯಾವ ಕುತೂಹಲವೂ ಇರಲಿಲ್ಲ. ಮೂರನೆಯದರ ಬೆನ್ನು ಮಾತ್ರ ಅವರು ಬಿಡಲೇ ಇಲ್ಲ. ಯಾರಾದರೂ ಆ ಶಬ್ದ ಆಡಿದರೆ ಸಾಕು, ಕಿವಿ ನೆಟ್ಟಗಾಗುತ್ತಿತ್ತು. ಆಡಿದವರು ಏನಂದರು, ಕೇಳಿದವರು ಏನು ಮಾಡಿದರು ಎಂದು ನೋಡಿಟ್ಟುಕೊಂಡು ಬಂದು, ಮಧ್ಯಾಹ್ನ ಊಟದ ಹೊತ್ತಿಗೆ ಡಬ್ಬಿ ಬಿಚ್ಚುವ ಮೊದಲೇ ಶುರು.

"ನಿನ್ನೆ ಖಾನಾಪುರ ಸ್ಟ್ಯಾಂಡಿನ್ಯಾಗ ಕಂಟ್ರೋಲರ್ ಅಂದ, ಆ ಬಸ್ ಬರೂದು ಡೌಟ್ ಐತಿ ಅಂತ. ಅಂದದ್ದs ತಡಾ, ಎಲ್ಲಾರೂ ಚೀಲಾ ಎತ್ತಿಕೊಂಡು ಟೆಂಪೋ ಕಡೆ ನಡದ್ರು. ಒಬ್ಬರೂ ಕುಂದರಲಿಲ್ಲ. ಅಂದ್ರ ಅಲ್ಲಿ ಡೌಟ್ ಅಂದ್ರ ಬರೂದಿಲ್ಲ ಅಂತ ಅರ್ಥ ಆತಲ್ಲಾ?"

"ಹೌದ್ರಿ."

"ಇನ್ನ ನಮ್ಮ ಮನಿಯಾಕಿ. ಮೊನ್ನೆ ನಾ ಸಕ್ಕರಿ ಚಹಾ ಕುಡದು ಬಂದೆ. ಡಾಕ್ಟರ್ ಬ್ಯಾಡ ಅಂದಾರ. ಆಕಿ ನನ್ನ ಮಾರಿ ನೋಡಿ, ನನಗ ಡೌಟ್ ಐತಿ ಅಂದ್ಲು. ಆಕಿಗೆ ಡೌಟ್ ಎಲ್ಲೈತಿ? ಆಕಿಗೆ ಪಕ್ಕಾ ಗೊತ್ತೈತಿ! ಸ್ಟ್ಯಾಂಡಿನ್ಯಾಗ ಇಲ್ಲ ಅಂತ, ಮನ್ಯಾಗ ಹೌದು ಅಂತ. ಸಾಲ್ಯಾಗ ಹುಡುಗ್ರು ಕೈ ಎತ್ತಿ ಡೌಟ್ ಅಂದ್ರ ಬರೇ ಒಂದು ಪ್ರಶ್ನಿ. ಒಂದs ಶಬ್ದ ಎಷ್ಟ ಮನಿ ಉಣ್ಣತೈತಿ ನೋಡ."

ನಮ್ಮ ಮಾಲಕರಿಗೆ 'ನೋ ಡೌಟ್' ಎಂದು ಮಾತು ಶುರು ಮಾಡುವ ಚಾಳಿ. ಕಾಕಾ ಅದನ್ನೂ ಬಿಟ್ಟಿರಲಿಲ್ಲ. "ಸಾಹೇಬ್ರು ನೋ ಡೌಟ್ ಅಂದ್ರಂದ್ರ, ಬೆನ್ನ ಹಿಂದ 'ಆದ್ರ' ಬರ್ತೈತಿ. ನೀ ಸುಮ್ಕ ಕಾಯ್ಕೋತ ಕುಂದರು" ಎನ್ನುವರು. ನಾನು ಗಮನಿಸಿ ನೋಡಿದೆ. ಒಂದೇ ಒಂದು ಸಲವೂ ತಪ್ಪಲಿಲ್ಲ!

ಒಂದು ದಿನ ಇಂಗ್ಲಿಷಿನಲ್ಲಿ ಅದನ್ನು ಹೇಗೆ ಬರೆಯುತ್ತಾರೆ ಎಂದು ಕೇಳಿದರು. ನೆಲದ ಉಸುಕಿನಲ್ಲಿ ಬೆರಳಿನಿಂದ ಬರೆದು ತೋರಿಸಿದೆ. ಒಂದೊಂದೇ ಅಕ್ಷರ ಓದಿಸಿಕೊಂಡರು. "ಈ ಬಿ ಯಾಕ ಕುಂತೈತಿ? ಸದ್ದs ಮಾಡವಲ್ದು."

"ಅದು ಸುಮ್ಮನ ಇರ್ತೈತ್ರಿ ಕಾಕಾ. ಉಚ್ಚಾರ ಇಲ್ಲ."

"ಸತ್ತೈತೋ, ಮಲಗೈತೋ?"

ನಮ್ಮ ಡಿಪ್ಲೊಮಾದಲ್ಲಿ ಅದನ್ನು ಕಲಿಸಿರಲಿಲ್ಲ.

ಅವರ ದೆಸೆಯಿಂದ ನನಗೂ ಹುಚ್ಚು ಹಿಡಿಯಿತು. ಮನೆಗೆ ಹೋಗಿ ಅಪ್ಪನ ಹಳೆಯ ನಿಘಂಟು ತೆಗೆದು ಕೂತೆ. ನಮ್ಮಲ್ಲೇನು ಶಬ್ದಕ್ಕೆ ಬರಗಾಲವೇ? ಸಂಶಯ, ಸಂದೇಹ, ಅನುಮಾನ, ಶಂಕೆ, ಗುಮಾನಿ. ಇಷ್ಟೆಲ್ಲ ಮನೆಯಲ್ಲಿ ತುಂಬಿರುವಾಗ ತರಕಾರಿ ಮಾರುವವಳಿಂದ ಹಿಡಿದು ವಕೀಲರವರೆಗೆ ಎಲ್ಲರಿಗೂ ಈ ಡೌಟೇ ಯಾಕೆ ಬೇಕಾಯಿತು? ಖಾಸಬಾಗದ ಸಂತೆಯಲ್ಲಿ ಪರೀಕ್ಷೆ ಮಾಡಿದೆ. ತೂಕ ಹಾಕುವವಳಿಗೆ, "ಯವ್ವಾ, ನಿನ್ನ ತಕ್ಕಡಿ ಮ್ಯಾಲ ನನಗ ಸಂಶಯ ಐತಿ" ಎಂದೆ. ಆಕೆ ಬದನೆಕಾಯಿ ಕೆಳಗಿಟ್ಟು ನನ್ನ ಏಳು ತಲೆಮಾರನ್ನು ಜಾಲಾಡಿಬಿಟ್ಟಳು. ಮುಂದಿನ ವಾರ ಇನ್ನೊಬ್ಬಳ ಹತ್ತಿರ, "ಯಾಕೋ ಡೌಟ್ ಬರಾಕತ್ತೈತಿ" ಎಂದೆ. ಆಕೆ ನಕ್ಕು ಎರಡು ಬದನೆಕಾಯಿ ಹೆಚ್ಚಿಗೆ ಹಾಕಿದಳು. ಇದನ್ನು ಕಾಕಾಗೆ ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಭಾಕರಿ ಮುರಿಯುತ್ತ, "ಹಂಗಾದ್ರ ಸಂಶಯ ಮನಷ್ಯಾನ ಮ್ಯಾಲ ಬರ್ತೈತಿ. ಡೌಟ್ ಕಬ್ಬಿಣದ ಮ್ಯಾಲ ಬರ್ತೈತಿ. ಅದಕ್ಕs ಯಾರಿಗೂ ನೋವಾಗೂದಿಲ್ಲ" ಎಂದರು. ಎಷ್ಟು ಚೆಂದ ಹೇಳಿದರಲ್ಲ ಎಂದು ನಾನು ಅದನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಂಡೆ.

ನಾನು ಸೇರಿದ ಮೂರನೆಯ ವರ್ಷ, ಕಬ್ಬಿನ ಹಂಗಾಮು ಶುರುವಾಗುವ ಮುಂಚೆ, ಡೌಟ್ ಗುಂಪಿ ಸಣ್ಣದಾಗತೊಡಗಿತು. ಮೊದಲು ದಿನಕ್ಕೆ ಎಂಟು ಹತ್ತು ಇರುತ್ತಿದ್ದವು, ಆಮೇಲೆ ನಾಲ್ಕು, ಆಮೇಲೆ ಒಂದು. ಒಂದು ವಾರವಂತೂ ಆ ಮೂಲೆ ಖಾಲಿಯೇ ಇತ್ತು. ಮಾಲಕರ ಮುಖದಲ್ಲಿ ದೀಪಾವಳಿ! ಶೆಡ್ಡಿಗೆ ಬಂದು ಕಾಕಾನ ಬೆನ್ನು ತಟ್ಟಿ, "ಈಗ ನೋಡ್ರಿ, ಹಿಂಗ ಬೇಕು ಕೆಲಸ" ಎಂದರು. ಎರಕದ ಅಚ್ಚಿಗೆ ಹೊಸ ಉಸುಕು ಬಂದಿದೆ, ಅದಕ್ಕೇ ಎರಕ ಚಲೋ ಆಗುತ್ತಿದೆ ಎಂದು ಮೋಲ್ಡಿಂಗಿನವರು ಮೀಸೆ ತಿರುವಿದರು. ಕಾಕಾ ಕೂಡ ಖುಷಿಯಲ್ಲಿದ್ದರು. "ಎಲ್ಲಾ ಹಬ್ ಹಾಡಾಕತ್ತಾವ ಪೋರೀ" ಎನ್ನುತ್ತಿದ್ದರು.

ನನಗೆ ಮಾತ್ರ ಸಮಾಧಾನವಾಗಲಿಲ್ಲ. ಉಸುಕು ಎಷ್ಟೇ ಚಲೋ ಇರಲಿ, ವಾರವಿಡೀ ಒಂದು ಹಬ್ ಕೂಡ ತಡವರಿಸುವುದಿಲ್ಲವೇ? ಒಂದು ಬೆಳಿಗ್ಗೆ ಅವರು ಓಕೆ ಮಾಡಿದ್ದ ಗುಂಪಿಯಿಂದ ಒಂದನ್ನು ಎತ್ತಿ ನಾನೇ ಬಾರಿಸಿದೆ. ಕೊನೆಯಲ್ಲಿ ಮಂಕಾಗಿ ಕೇಳಿಸಿತು. ನನ್ನ ಕಿವಿಯದೇ ತಪ್ಪು ಎಂದುಕೊಂಡೆ. ಇನ್ನೊಂದು ಬಾರಿಸಿದೆ. ಅದೂ ಹಾಗೆಯೇ. ನನಗೆ ಬಂದದ್ದು ಕಬ್ಬಿಣದ ಮೇಲಿನ ಡೌಟಲ್ಲ, ಕಾಕಾನ ಮೇಲಿನದು. ಎರಡು ದಿನ ಊಟ ಸೇರಲಿಲ್ಲ. ಹೇಳಿದರೆ ಅವರ ಮರ್ಯಾದೆ ಹೋಗುತ್ತದೆ, ಹೇಳದಿದ್ದರೆ ಯಾರದೋ ಜೀವ.

ಮೂರನೆಯ ದಿನ ನಾನು ಒಂದು ಕೆಲಸ ಮಾಡಿದೆ. ಈಗ ನೆನೆದರೂ ಮುಖ ಬಿಸಿಯಾಗುತ್ತದೆ. ನನ್ನ ಕಿವಿ ಪಳಗಿಸಲೆಂದು ಅವರೇ ಕೊಟ್ಟಿದ್ದ ಆ ಸತ್ತ ಹಬ್ ಇತ್ತಲ್ಲ, ಅದರ ಗುರುತನ್ನೆಲ್ಲ ಉಜ್ಜಿ, ಉಸುಕು ಹಚ್ಚಿ, ಅವತ್ತಿನ ಹೊಸ ಹಬ್‌ಗಳ ನಡುವೆ ಸೇರಿಸಿಬಿಟ್ಟೆ. ಕಣ್ಣು ತೆರೆದು ನೋಡುವವರಾಗಿದ್ದರೆ ಕೂಡಲೇ ಗುರುತು ಹಿಡಿಯುತ್ತಿದ್ದರು. ಅವರು ಎಂದಿನಂತೆ ಕೊಕ್ಕೆಗೆ ಹಾಕಿದರು, ಬಾರಿಸಿದರು, ಕಣ್ಣು ಮುಚ್ಚಿದರು. ಠಕ್. ಅಷ್ಟು ದೂರದಲ್ಲಿದ್ದ ನನಗೂ ಕೇಳಿಸಿತು, ಠಕ್ ಅಂತ ಅಲ್ಲೇ ನಿಂತಿತು. ಕಾಕಾ ಮಾತ್ರ ನಗುಮುಖದಲ್ಲಿ ಇನ್ನೂ ಕೇಳುತ್ತಲೇ ನಿಂತಿದ್ದರು. ಆಮೇಲೆ ಕಣ್ಣು ಬಿಟ್ಟು ರೈಟ್ ಹಾಕಿದರು.

"ಕಾಕಾ, ಅದರ ಮ್ಯಾಲ ನನಗ ಡೌಟ್ ಐತ್ರಿ" ಎಂದೆ.

"ಇದರ ಮ್ಯಾಲ? ಘಂಟಿ ಬಾರಿಸಿದಂಗ ಬಾರಿಸ್ತಲ್ಲ! ಇರ್ಲಿ, ಅಂಗೈ ತೋರಸೂಣು."

ಇಬ್ಬರೂ ಕೈ ತೆರೆದೆವು. ಅವರದು ರೈಟು, ನನ್ನದು ಕಾಟು. "ಕೊಯ್ದು ನೋಡೂಣು ನಡಿ" ಎಂದು ಅವರು ಗರಗಸದ ಕಡೆ ಹೊರಟರು.

"ಕೊಯ್ಯೂದು ಬ್ಯಾಡ್ರಿ ಕಾಕಾ. ಇದು ನೀವs ನನಗ ಕೊಟ್ಟ ಸತ್ತ ಹಬ್. ನಾನs ನಡುವ ಇಟ್ಟೆ. ನನ್ನ ತಪ್ಪಾತು."

ಕಾಕಾ ನಿಂತರು. ಬೈಯಲಿಲ್ಲ. ಹಬ್ಬನ್ನು ಮತ್ತೆ ಕೊಕ್ಕೆಗೆ ಹಾಕಿ, ಈ ಸಲ ಒಂದು ಕೈಯಿಂದ ಬಾರಿಸಿ, ಇನ್ನೊಂದು ಅಂಗೈಯನ್ನು ಅದಕ್ಕೆ ಒತ್ತಿ ಹಿಡಿದರು. "ಕೈಗೆ ಸತ್ತೈತಿ" ಎಂದರು ಮೆಲ್ಲಗೆ. "ಕಿವಿಗೆ ಇನ್ನೂ ಬಾರಸಾಕತ್ತೈತಿ." ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕುಳಿತರು. "ಎರಡ ತಿಂಗಳಾತು ಪೋರೀ, ಕಿವ್ಯಾಗ ಒಂದ ಸಮನ ಟಣ್ಣ್ ಅಂತೈತಿ. ಗಾಡ್ಯಾಗ ಕುಂತ್ರೂ ಅಂತೈತಿ. ಫೌಂಡ್ರ್ಯಾಗಿನವ್ರಿಗೆ ಎಲ್ಲಾರಿಗೂ ಹಿಂಗs ಅಂತ ಸುಮ್ಕಿದ್ದೆ. ಅದು ಹಬ್ಬಿನ ಸದ್ದಿನ್ಯಾಗ ಹೋಗಿ ಕೂಡತೈತಿ ಅಂತ ನನಗ ಹೊಳೀಲಿಲ್ಲ. ಕಬ್ಬಿಣಾ ಸುಧಾರಿಸೇತಿ ಅಂತ ಹಿಗ್ಗಿಬಿಟ್ಟಿದ್ನೆಲ್ಲ!"

ನಾನು ಅತ್ತುಬಿಟ್ಟೆ. ಅವರು ಅಳಲಿಲ್ಲ. ಎದ್ದು, "ಈ ಎರಡ ತಿಂಗಳದಾಗ ಎಷ್ಟ ಹೋಗ್ಯಾವ?" ಎಂದು ಕೇಳಿದರು.

ಪ್ರತಿ ಹಬ್‌ನ ಹೊರ ಅಂಚಿನಲ್ಲಿ, ಅದು ಯಾವ ಸರತಿಯ ಎರಕ ಎಂದು ತಿಳಿಯಲು ಒಂದು ಅಕ್ಷರ ಮೂಡಿರುತ್ತದೆ. ಆ ಎರಡು ತಿಂಗಳಿನವಕ್ಕೆ 'ಎನ್' ಎಂಬ ಅಕ್ಷರ. ಕಾಕಾ ನನ್ನನ್ನು ಕರೆದುಕೊಂಡು ಸೀದಾ ಮಾಲಕರ ಕೋಣೆಗೆ ನಡೆದರು. ಟೊಪ್ಪಿಗೆ ಕೈಯಲ್ಲೇ ಇತ್ತು. "ಸಾಹೇಬ್ರ, ನನ್ನ ಕಿವಿ ಕೆಟ್ಟೈತಿ. ಎನ್ ಅಕ್ಷರದ ಮಾಲೆಲ್ಲಾ ಡೌಟ್. ಒಂದೂ ಹೊರಗ ಹೋಗಬಾರದು. ಹೋದದ್ದು ತಿರುಗಿ ಬರಬೇಕು."

ಮಾಲಕರ ಮುಖ ಸಣ್ಣದಾಯಿತು. "ನೋ ಡೌಟ್ ಕಾಕಾ, ನೀವು ಹಿರ್‍ಯಾರು, ಹೇಳೂದು ಖರೇ. ಆದ್ರ ಒಂದ ಹಬ್ಬಿನ ಸಲುವಾಗಿ ಇಡೀ ಮಾಲ ತಿರುಗಿಸಿದ್ರ ಗಿರಾಕಿ ಏನಂದಾರು? ಇಷ್ಟ ದಿನಾ ಏನೂ ಆಗಿಲ್ಲಲ್ಲ?"

"ಹಂಗಾಮ ಇನ್ನೂ ಶುರು ಆಗಿಲ್ಲ ಸಾಹೇಬ್ರ. ಖಾಲಿ ಟ್ರ್ಯಾಲಿಗೆ ಏನ ಆಗ್ತೈತಿ? ಕಬ್ಬ ಹೇರಿದ ಮ್ಯಾಲ ನೋಡ್ರಿ. ಬಾಜುಕ ಸಾಲಿ ಹುಡುಗ್ರು ಸೈಕಲ್ ಹೊಡ್ಕೊಂಡು ಹೊಂಟಿರ್ತಾವ."

ಮಾಲಕರು ಬಹಳ ಹೊತ್ತು ಮೇಜಿನ ಮೇಲಿನ ಪೇಪರ್ ವೇಟ್ ತಿರುಗಿಸಿದರು. ಕೊನೆಗೆ, "ಹೋಗ್ರಿ, ಏನ ಮಾಡ್ತೀರೋ ಮಾಡ್ರಿ" ಎಂದರು. ಅವರನ್ನೂ ನಾನು ಹಳಿಯುವುದಿಲ್ಲ. ಬದಲಿ ಹಬ್ ಕೊಡುವುದಕ್ಕೆ ಆಮೇಲೆ ಅವರು ಒಂದು ಸಲವೂ ಇಲ್ಲ ಅನ್ನಲಿಲ್ಲ.

ಫೌಂಡ್ರಿಯಲ್ಲಿದ್ದ ಎನ್ ಮಾಲನ್ನು ತಡೆದಿಟ್ಟೆವು. ಹೊರಗೆ ಹೋದದ್ದೆಲ್ಲ ಒಬ್ಬನೇ ಟ್ರ್ಯಾಲಿ ಕಟ್ಟುವವನಿಗೆ, ಅವನ ಶೆಡ್ಡು ವಿಮಾನ ನಿಲ್ದಾಣದ ಕಡೆಯ ಸಾಂಬ್ರಾ ರಸ್ತೆಯಲ್ಲಿತ್ತು. ಕಾಕಾನನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಹೋದೆ. ಮಾಡಿಟ್ಟ ಟ್ರ್ಯಾಲಿಗಳ ಗಾಲಿಗಳನ್ನೆಲ್ಲ ಬಿಚ್ಚಿಸಬೇಕು ಎಂದಾಗ ಆ ಮನುಷ್ಯ ನಟ್ಟು ಬಿಚ್ಚುವ ಪಾನಾ ಎತ್ತಿಕೊಂಡೇ ಬಂದ. ಕಾಕಾ ಅವನಿಗೆ ಕೈ ಮುಗಿದರು. "ತಪ್ಪು ನಂದು ದಾದಾ. ನೀ ಬೈಯಿ. ಬೈಕೋತ ಬಿಚ್ಚು" ಎಂದರು. ಆಮೇಲೆ ಸುತ್ತಿಗೆಯನ್ನು ತಿರುಗಿಸಿ, ಹಿಡಿಯನ್ನು ನನ್ನ ಕಡೆ ಚಾಚಿದರು. "ಇನ್ನ ನೀ ಕೇಳು."

"ನನಗ ಧೈರ್ಯಾ ಇಲ್ಲ ಕಾಕಾ. ನಂದೂ ತಪ್ಪಿದ್ರ?"

"ನಿನಗ ಡೌಟ್ ಬರ್ತೈತಲ್ಲ, ಅಷ್ಟ ಸಾಕು. ನನಗ ಬರೂದು ನಿಂತಿತ್ತು."

ನಾನು ಬಾರಿಸಿದೆ. ಅವರು ನನ್ನ ಎದುರಿಗೆ ನಿಂತು ಹಬ್ಬನ್ನಲ್ಲ, ನನ್ನ ಮುಖವನ್ನು ನೋಡುತ್ತಿದ್ದರು. ನಡುವೆ ತಲೆಯ ಮೇಲೆ ವಿಮಾನ ಇಳಿಯತೊಡಗಿದರೆ ಅದು ಪೂರ್ತಿ ಇಳಿದು ಸುಮ್ಮನಾಗುವವರೆಗೆ ಕಾಯಬೇಕಾಗುತ್ತಿತ್ತು. ಸಂಜೆಯಾಗುವಷ್ಟರಲ್ಲಿ ಮೂರು ಸತ್ತ ಹಬ್ ಸಿಕ್ಕವು. ಪಾನಾ ಹಿಡಿದು ಬಂದವನೇ ನಮಗೆ ಚಹಾ ತರಿಸಿದ. ಆದರೆ ಅವನ ವಹಿ ತೆಗೆಸಿ ನೋಡಿದರೆ, ಅಷ್ಟರಲ್ಲೇ ಎನ್ ಅಕ್ಷರದ ಮೂವತ್ತೆರಡು ಹಬ್ ಟ್ರ್ಯಾಲಿಗಳ ಜೊತೆ ಹೊರಗೆ ಹೋಗಿಬಿಟ್ಟಿದ್ದವು. ಕೆಲವು ರೈತರ ಹೆಸರಿತ್ತು, ಕೆಲವಕ್ಕೆ ಊರಿನ ಹೆಸರಷ್ಟೇ.

ಕಾಕಾ ಮರುದಿನದಿಂದ ಫೌಂಡ್ರಿಗೆ ಬರಲಿಲ್ಲ. ಮನೆಯಲ್ಲಿ ಆರಾಮಾಗಿ ಕೂತಿದ್ದಾರೆ ಎಂದುಕೊಂಡರೆ ಅದೂ ಅಲ್ಲ. ಹಂಗಾಮು ಶುರುವಾದೊಡನೆ, ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಟ್ರ್ಯಾಲಿಗಳು ಒಂದರ ಹಿಂದೊಂದು ಮೈಲುಗಟ್ಟಲೆ ನಿಲ್ಲುತ್ತವಲ್ಲ, ಅಲ್ಲಿ ದಿನಾ ಹೋಗಿ ನಿಲ್ಲತೊಡಗಿದರು. ಒಂದೊಂದು ಗಾಲಿಯ ಮುಂದೆ ಬಗ್ಗಿ, ಹಬ್‌ನ ಮೇಲಿನ ಕೆಸರನ್ನು ಹೆಬ್ಬೆರಳಿನಿಂದ ಒರೆಸಿ ಅಕ್ಷರ ನೋಡುವುದು. ಡ್ರೈವರುಗಳು ಮೊದಲು ಕಳ್ಳನೆಂದು ಗದರಿಸಿದರು, ಆಮೇಲೆ ಹುಚ್ಚನೆಂದು ಬಿಟ್ಟರು, ಕೊನೆಗೆ ತಾವೇ ಕರೆದು, "ಬರ್‍ರಿ ಡೌಟ್ ಕಾಕಾ, ನಮ್ಮದೂ ನೋಡ್ರಿ" ಎನ್ನತೊಡಗಿದರು. ಎನ್ ಸಿಕ್ಕರೆ ನನಗೆ ಫೋನು. ಅಷ್ಟರಲ್ಲಿ ಕಿವಿ ಇನ್ನೂ ಕೆಟ್ಟು, ಫೋನಿನಲ್ಲಿ ಅವರಿಗೆ ನನ್ನ ಮಾತು ಕೇಳಿಸುತ್ತಿರಲಿಲ್ಲ. ತಾವಷ್ಟೇ, "ಸಿಕ್ಕೈತಿ, ಬಾ" ಎಂದು ಕೂಗಿ ಇಟ್ಟುಬಿಡುವರು. ನಾನು ಹೊಸ ಹಬ್ ಸ್ಕೂಟಿಯ ಮುಂದಿಟ್ಟುಕೊಂಡು ಓಡುವೆ. ಹೀಗೆ ಎರಡು ಹಂಗಾಮಿನಲ್ಲಿ ಇಪ್ಪತ್ತೆಂಟು ಸಿಕ್ಕವು. ಅವುಗಳಲ್ಲಿ ಎರಡು ಸತ್ತಿದ್ದವು. ಒಂದರ ಬಿರುಕು ಬರಿಗಣ್ಣಿಗೇ ಕಾಣುತ್ತಿತ್ತು, ಉಗುರು ತೂರುವಷ್ಟು. ಅದರ ಡ್ರೈವರ್ ಅವತ್ತು ಹೆಂಡತಿಯನ್ನೂ ಕೂಸನ್ನೂ ಕಬ್ಬಿನ ಮೇಲೆ ಕೂರಿಸಿಕೊಂಡು ಬಂದಿದ್ದ. ಅವನು ಬಿರುಕನ್ನು ನೋಡಿದ, ಮೇಲೆ ಕೂಸನ್ನು ನೋಡಿದ, ಕಾಕಾನ ಕಾಲು ಹಿಡಿಯಲು ಬಗ್ಗಿದ. ಕಾಕಾ ಹಿಂದೆ ಸರಿದು, "ನನ್ನ ಕಾಲ ಮುಟ್ಟಬ್ಯಾಡೋ, ಇದನ್ನ ಪಾಸ್ ಮಾಡಿದಾಂವ ನಾನs" ಎಂದರು.

ಕಳೆದ ಮಳೆಗಾಲದಲ್ಲಿ ಅವರು ಹಾಸಿಗೆ ಹಿಡಿದರು. ಸುದ್ದಿ ಕೇಳಿ ಖಾನಾಪುರಕ್ಕೆ ಹೋದೆ. ಅವರ ಹೆಂಡತಿ ಅಂಜನಾ ಮಾವಶಿ ಬಾಗಿಲಲ್ಲೇ ನನ್ನನ್ನು ತಡೆದು ಅಡುಗೆಮನೆಗೆ ಕರೆದೊಯ್ದರು. ಚಹಾಕ್ಕೆ ನೀರಿಟ್ಟವರು ಅದನ್ನು ಮರೆತು ನನ್ನ ಕೈ ಹಿಡಿದುಕೊಂಡರು.

"ಒಂದ ಮಾತ ನಡಸಿಕೊಡ ಯವ್ವಾ. ಉಳದಾವೂ ನಿನಗ ಸಿಕ್ಕಾವ ಅಂತ ಹೇಳಿಬಿಡು. ಕಣ್ಣ ಮುಚ್ಚಿದ್ರ ಟ್ರ್ಯಾಲಿ ಉಳ್ಳಿದ್ದs ಕಾಣ್ತೈತಂತ ಅವರಿಗೆ. ನಿದ್ದಿ ಇಲ್ಲ, ಕೂಳ ಇಲ್ಲ. ಡಾಕ್ಟರ್ ದಿನಾ ಎಣಸಾಕತ್ತಾರ. ನಿನ್ನ ಮಾತಂದ್ರ ನಂಬ್ತಾರ. ಅಷ್ಟ ಹೇಳು, ಸಮಾಧಾನದಿಂದ ಹೋಗ್ಲಿ."

ನಾನು ಹೂಂ ಎಂದೆ. ಖಂಡಿತ ಹಾಗೆಯೇ ಹೇಳಬೇಕೆಂದು ಗಟ್ಟಿ ಮನಸ್ಸು ಮಾಡಿಕೊಂಡೇ ಒಳಗೆ ಹೋದೆ. ಸಾಯುವವರಿಗೆ ಇಷ್ಟೂ ಮಾಡದಿದ್ದರೆ ನಾನೆಂಥವಳು?

ಕಾಕಾ ಗೋಡೆಗೆ ಒರಗಿ ಕೂತಿದ್ದರು. ಕಿವಿ ಪೂರ್ತಿ ಹೋಗಿತ್ತು, ಕಣ್ಣು ಮಾತ್ರ ಚುರುಕಾಗಿದ್ದವು. ನನ್ನನ್ನು ನೋಡಿದವರೇ, ಆರಾಮೇನು ಎಂದೂ ಕೇಳದೆ, "ಎಲ್ಲಾ ಸಿಕ್ಕವೇನು?" ಎಂದರು. ಮಾವಶಿ ಅವರ ಬೆನ್ನ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದರು. ಒಂದು ಸಲ ತಲೆ ಆಡಿಸಿದ್ದರೆ ಸಾಕಾಗಿತ್ತು. ಬಾಯಿ ಬಿಡುವುದೂ ಬೇಕಿರಲಿಲ್ಲ. ಆದರೆ ಕಾಕಾ ನನ್ನ ಮುಖವನ್ನು, ಸಾಂಬ್ರಾ ರಸ್ತೆಯ ಶೆಡ್ಡಿನಲ್ಲಿ ನೋಡಿದಂತೆ, ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ನನ್ನಿಂದ ಆಗಲಿಲ್ಲ. ಇನ್ನೂ ನಾಲ್ಕು ಉಳಿದಿವೆ ಎಂದು ಕೈ ಎತ್ತಿ ನಾಲ್ಕು ಬೆರಳು ತೋರಿಸಿದೆ.

ಮಾವಶಿ ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಹೋದರು. ಕಾಕಾ ಆ ನಾಲ್ಕೂ ಬೆರಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದರು.

"ಎಲ್ಲಾ ಸಿಕ್ಕಾವು ಅಂದಿದ್ರ ನಿನ್ನ ಮ್ಯಾಲ ಡೌಟ್ ಬರ್ತಿತ್ತು, ಪೋರೀ" ಎಂದರು. "ಇನ್ನ ನೀ ಹುಡಕ್ತೀ." ಕೇಳಿದ್ದಲ್ಲ ಅದು, ಹೇಳಿದ್ದು. ಹೇಳಿ, ಗೋಡೆಯ ಕಡೆ ತಿರುಗಿ ಮಲಗಿದರು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು. ಮಾವಶಿ ಒಳಗೆ ಬಂದು ಬೆರಗಾಗಿ ನೋಡಿದರು, ಆಮೇಲೆ ನನ್ನ ತಲೆ ಸವರಿದರು. ನಾನು ಚಹಾ ಕುಡಿಯದೆ ಹೊರಟೆ. ಐದನೆಯ ದಿನ ಅವರು ಹೋದ ಸುದ್ದಿ ಬಂತು.

ಈಗ ಮತ್ತೆ ಹಂಗಾಮು ನಡೆದಿದೆ. ಭಾನುವಾರವಾದರೆ ಕಾರ್ಖಾನೆಯ ಮುಂದಿನ ಸಾಲಿಗೆ ಹೋಗಿ ಗಾಲಿಗಳ ಮುಂದೆ ಬಗ್ಗುತ್ತೇನೆ. ಹೋದ ವಾರ ಒಂದು ಎನ್ ಸಿಕ್ಕಿತು. ಬಾರಿಸಿದೆ, ತಿಳಿಯಲಿಲ್ಲ. ಇನ್ನೊಬ್ಬರ ಕಿವಿ ಎಲ್ಲಿಂದ ತರಲಿ? ಫೌಂಡ್ರಿಗೆ ಒಯ್ದು ಕೊಯ್ಯಿಸಿದೆ. ಒಳಗೆ ಒಂದು ಚುಕ್ಕೆಯೂ ಇರಲಿಲ್ಲ, ಬೆಳ್ಳಗೆ ಹೊಳೆಯುತ್ತಿತ್ತು. ಆ ಒಂದನ್ನು ಅವರು ಸರಿಯಾಗಿಯೇ ಪಾಸು ಮಾಡಿದ್ದರು. ಅದನ್ನು ಅವರಿಗೆ ತೋರಿಸಲಾಗಲಿಲ್ಲವಲ್ಲ ಎಂದು ಹೋಳುಗಳನ್ನು ಹಿಡಿದುಕೊಂಡು ಅಲ್ಲೇ ನಿಂತು ಅತ್ತೆ.

ಇನ್ನೂ ಮೂರು ಉಳಿದಿವೆ.